ಸಣ್ಣ ಉದ್ಯಮಕ್ಕೆ ಬಜೆಟ್ ಹಿಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

"ವ್ಯಾಪಾರ ಚೆನ್ನಾಗಿಯೇ ಇದೆ, ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ" ಅನ್ನುವವರಿಗಾಗಿ ಈ ಪುಟ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುವ ಒಂದು ಸಣ್ಣ ಘಟಕ. ಸಾಮಾನ್ಯ ತಿಂಗಳಲ್ಲಿ 3,000 ಕೆ.ಜಿ. ಮಾರಾಟ. ಕೆ.ಜಿ.ಗೆ ಸರಾಸರಿ 200 ರೂಪಾಯಿಯಂತೆ ತಿಂಗಳಿಗೆ 6 ಲಕ್ಷ ರೂಪಾಯಿ. ಈ ಅಂಕಿಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. ನಿಮ್ಮ ಅಂಕಿ ಹಾಕಿ ನೋಡಿದಾಗಲೇ ಅವಕ್ಕೆ ಅರ್ಥ ಬರುವುದು.

ಬಜೆಟ್ ಮಾಡುವುದಕ್ಕೂ ಬಜೆಟ್ ಹಿಡಿತಕ್ಕೂ ಏನು ವ್ಯತ್ಯಾಸ?

ಮುಂದಿನ ತಿಂಗಳು ಎಷ್ಟು ಬರುತ್ತೆ, ಎಷ್ಟು ಹೋಗುತ್ತೆ ಎಂದು ಬರೆದಿಟ್ಟರೆ ಅದು ಬಜೆಟ್. ತಿಂಗಳು ಮುಗಿದ ಮೇಲೆ ಅದೇ ಹಾಳೆ ತೆಗೆದು, ನಿಜವಾಗಿ ಬಂದದ್ದು ಹೋದದ್ದನ್ನು ಪಕ್ಕದಲ್ಲಿ ಬರೆದು, ಎಲ್ಲಿ ತಪ್ಪಿತು ಎಂದು ಹುಡುಕಿ, ಏನಾದರೂ ಒಂದನ್ನು ಬದಲಾಯಿಸಿದರೆ ಅದು ಹಿಡಿತ. ತುಂಬಾ ಜನ ಮೊದಲನೆಯದನ್ನು ಮಾಡುತ್ತಾರೆ, ಅದೂ ಬ್ಯಾಂಕಿನವರು ಕೇಳಿದಾಗ. ಎರಡನೆಯದನ್ನು ಮಾಡುವವರು ಕಡಿಮೆ. ಲಾಭದ ಮೇಲೆ ಪರಿಣಾಮ ಆಗುವುದು ಆ ಎರಡನೆಯದರಿಂದ.

ಇದರಿಂದ ಲಾಭ ನಿಜವಾಗಿಯೂ ಜಾಸ್ತಿ ಆಗುತ್ತದಾ?

ಬಜೆಟ್ ಇಟ್ಟುಕೊಂಡ ಉದ್ಯಮಗಳು ಚೆನ್ನಾಗಿ ನಡೆಯುತ್ತವೆ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮೊದಲೇ ಶಿಸ್ತಾಗಿ ನಡೆಯುವವರೇ ಬಜೆಟ್ ಇಡುವವರೂ ಆಗಿರುತ್ತಾರಲ್ಲ? ಯಾವುದು ಕಾರಣ, ಯಾವುದು ಫಲ ಎಂದು ಬಿಡಿಸುವುದು ಕಷ್ಟ. ಹಾಗಾಗಿ "ಬಜೆಟ್ ಮಾಡಿ, ಲಾಭ ಇಷ್ಟು ಏರುತ್ತದೆ" ಎಂದು ಯಾರಾದರೂ ಶೇಕಡಾವಾರು ಹೇಳಿದರೆ ನಂಬಬೇಡಿ.

ಪರಿಣಾಮ ಯಾವ ದಾರಿಯಲ್ಲಿ ಬರುತ್ತದೆ ಎಂದು ಮಾತ್ರ ಸ್ಪಷ್ಟವಾಗಿ ತೋರಿಸಬಹುದು. ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ದುಡ್ಡಿನ ಅಭಾವ ಮೊದಲೇ ಗೊತ್ತಾಗುವುದರಿಂದ ದುಬಾರಿ ಬಡ್ಡಿಯ ಕೈಸಾಲ ತಪ್ಪುತ್ತದೆ. ಬೆಲೆ ಇಳಿಸಿ ಎಂದು ಗಿರಾಕಿ ಕೇಳಿದಾಗ ಎಲ್ಲಿಯವರೆಗೆ ಇಳಿಯಬಹುದು ಎಂಬುದು ಗೊತ್ತಿರುತ್ತದೆ. ಈ ಮೂರಕ್ಕೂ ಕೆಳಗೆ ಲೆಕ್ಕ ಇದೆ.

ನಮ್ಮದು ತುಂಬಾ ಸಣ್ಣದು. ನಮಗೂ ಬೇಕಾ?

ಸರ್ಕಾರದ ಲೆಕ್ಕದಲ್ಲಿ "ಸಣ್ಣ" ಅನ್ನುವುದು ಸಾಕಷ್ಟು ದೊಡ್ಡದು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿ ಪ್ರಕಾರ, ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ, ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ದಾಟದಿದ್ದರೆ ಅದು ಸೂಕ್ಷ್ಮ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣ ಉದ್ಯಮ. ನಮ್ಮ ಚಕ್ಕುಲಿ ಘಟಕ ವರ್ಷಕ್ಕೆ ಮುಕ್ಕಾಲು ಕೋಟಿಯ ಆಸುಪಾಸಿನದು. ಸೂಕ್ಷ್ಮ ಉದ್ಯಮಗಳಲ್ಲೂ ಚಿಕ್ಕದು.

ಚಿಕ್ಕದಾದಷ್ಟೂ ಇದು ಹೆಚ್ಚು ಬೇಕು ಎಂದೇ ನನ್ನ ಅಭಿಪ್ರಾಯ. ದೊಡ್ಡ ಕಂಪನಿಗೆ ಒಂದು ತಿಂಗಳು ಎಡವಿದರೆ ತಾಳಿಕೊಳ್ಳುವ ಶಕ್ತಿ ಇರುತ್ತದೆ. ಎಂಟು ಜನ ಕೆಲಸದವರಿರುವ ಘಟಕದಲ್ಲಿ ಒಂದು ಕೆಟ್ಟ ತಿಂಗಳು ಅಂದರೆ ಮನೆಯ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ. ಹಾಳೆ ಮಾತ್ರ ಚಿಕ್ಕದಾಗಿರಲಿ. ಹತ್ತು ಹನ್ನೆರಡು ಸಾಲು ಸಾಕು.

ಹಳೆಯ ಲೆಕ್ಕವೇ ಇಲ್ಲ. ಎಲ್ಲಿಂದ ಶುರು ಮಾಡುವುದು?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಲೆಕ್ಕ ನಿಮ್ಮ ಹತ್ತಿರ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆ್ಯಪಿನ ವಹಿವಾಟು ಪಟ್ಟಿ, ದಿನಸಿ ಮಂಡಿಯ ಬಿಲ್ಲುಗಳು, ಗ್ಯಾಸ್ ಏಜೆನ್ಸಿಯ ರಸೀದಿ, ಕರೆಂಟ್ ಬಿಲ್. ಇವಿಷ್ಟನ್ನು ಹಿಂದಿನ ಮೂರು ತಿಂಗಳಿಗೆ ಹರಡಿಕೊಂಡು ಕೂತರೆ ಒಂದು ಭಾನುವಾರದಲ್ಲಿ ಚಿತ್ರ ಸಿಗುತ್ತದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿದ್ದು ನೆನಪಿರಬಹುದು. ಆಗ ತುಂಬಾ ಜನರಿಗೆ ತಮ್ಮ ವರ್ಷದ ವಹಿವಾಟು ಎಷ್ಟು ಎಂದು ಗೊತ್ತಾದದ್ದು ಆ ನೋಟಿಸಿನಿಂದಲೇ. ಸ್ವಂತ ವ್ಯಾಪಾರದ ಅಂಕಿ ಬೇರೆಯವರ ಕಾಗದದಿಂದ ತಿಳಿಯುವ ಸ್ಥಿತಿ ಯಾರಿಗೂ ಬರಬಾರದು.

ನಗದಿನ ಲೆಕ್ಕ ಇಲ್ಲದಿದ್ದರೆ ಇವತ್ತಿಂದಲೇ ರಾತ್ರಿ ಬಾಗಿಲು ಹಾಕುವ ಮುಂಚೆ ಗಲ್ಲಾ ಎಣಿಸಿ ಒಂದು ಪುಸ್ತಕದಲ್ಲಿ ಬರೆಯಿರಿ. ಒಂದು ತಿಂಗಳ ನಿಜವಾದ ಅಂಕಿ ಇದ್ದರೂ ಮುಂದಿನ ತಿಂಗಳ ಬಜೆಟ್ ಬರೆಯಬಹುದು.

ಕಳೆದ ವರ್ಷದ ಅಂಕಿಗೆ ಶೇ 10 ಸೇರಿಸಿದರೆ ಸಾಲದಾ?

ವರ್ಷದ ಒಟ್ಟು ಮೊತ್ತಕ್ಕೆ ಅದು ಒಂದು ಅಂದಾಜು ಅಷ್ಟೆ. ತಿಂಗಳ ಲೆಕ್ಕಕ್ಕೆ ಸಾಲದು. ನಮ್ಮ ವ್ಯಾಪಾರ ನಡೆಯುವುದು ಇಂಗ್ಲಿಷ್ ತಿಂಗಳಿನ ಮೇಲಲ್ಲ, ಪಂಚಾಂಗದ ಮೇಲೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲ, ಆರ್ಡರ್ ಬೀಳುತ್ತದೆ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ. ಆಮೇಲೆ ಗೌರಿ ಗಣೇಶ. ಅಷ್ಟಮಿಗೆ ಚಕ್ಕುಲಿ, ಉಂಡೆ ಆರ್ಡರ್ ಬಂದರೆ ಬಾಣಲೆ ಆರುವುದೇ ಇಲ್ಲ.

ಈಗ ನೋಡಿ. 2025ರಲ್ಲಿ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. 2025ರ ಆಗಸ್ಟ್ ಮಾರಾಟ ನೋಡಿಕೊಂಡು 2026ರ ಆಗಸ್ಟ್‌ಗೆ ಹಿಟ್ಟು, ಎಣ್ಣೆ ತುಂಬಿಸಿದರೆ ದುಡ್ಡು ಗೋಡೌನಿನಲ್ಲಿ ಕೂತಿರುತ್ತದೆ. ಹಬ್ಬಗಳ ಪಟ್ಟಿ ಮೊದಲು ಬರೆದು, ಅದರ ಮೇಲೆ ಮಾರಾಟದ ಅಂದಾಜು ಬರೆಯಿರಿ. ಬೇರೆ ವ್ಯಾಪಾರಕ್ಕೆ ಬೇರೆ ಕಾಲ: ಪುಸ್ತಕದಂಗಡಿಗೆ ಜೂನ್, ಪಂಪ್‌ಸೆಟ್ ರಿಪೇರಿಗೆ ಬೇಸಿಗೆ, ಬಟ್ಟೆ ಅಂಗಡಿಗೆ ದೀಪಾವಳಿ.

ಮನೆ ಖರ್ಚು ಅಂಗಡಿಯಿಂದಲೇ ಹೋಗುತ್ತದೆ. ಅದನ್ನೂ ಬಜೆಟ್‌ನಲ್ಲಿ ಹಾಕಬೇಕಾ?

ಹಾಕಲೇಬೇಕು, ಅದೂ ಮೊದಲ ಸಾಲುಗಳಲ್ಲಿ. ಗಲ್ಲಾದಿಂದ ಹಾಲಿಗೆ ಐವತ್ತು, ಮಗನ ಫೀಸಿಗೆ ಐದು ಸಾವಿರ, ಊರ ಜಾತ್ರೆಗೆ ಎರಡು ಸಾವಿರ ಹೀಗೆ ಹೋಗುತ್ತಿದ್ದರೆ ಯಾವ ಬಜೆಟ್ಟೂ ನಿಲ್ಲದು. ನಿಮಗೆ ನೀವೇ ಒಂದು ಸಂಬಳ ಗೊತ್ತು ಮಾಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 40,000 ರೂಪಾಯಿ. ಒಂದನೇ ತಾರೀಖು ಅದು ಮನೆಯ ಖಾತೆಗೆ ಹೋಗಲಿ. ಆಮೇಲೆ ಗಲ್ಲಾಕ್ಕೆ ಮನೆಯವರು ಯಾರೂ ಕೈ ಹಾಕಬಾರದು, ಯಜಮಾನರೂ ಸೇರಿ.

ಇದರಲ್ಲಿ ಇನ್ನೊಂದು ಸತ್ಯ ಹೊರಗೆ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಐದಕ್ಕೆ ಎದ್ದು ದುಡಿಯುವ ಘಟಕಗಳಲ್ಲಿ, ಇಬ್ಬರ ಸಂಬಳವನ್ನೂ ಖರ್ಚಿಗೆ ಸೇರಿಸಿದರೆ "ಲಾಭ" ಎಂದುಕೊಂಡದ್ದು ಅವರ ಕೂಲಿ ಮಾತ್ರ ಎಂದು ಗೊತ್ತಾಗುತ್ತದೆ. ನೋವಿನ ಅಂಕಿ ಅದು. ಆದರೂ ಬೆಲೆ ನಿಗದಿ ಮಾಡುವಾಗ ಆ ಅಂಕಿ ಬೇಕೇ ಬೇಕು.

ಲೆಕ್ಕದಲ್ಲಿ ಲಾಭ ಇದೆ, ಬ್ಯಾಂಕಿನಲ್ಲಿ ದುಡ್ಡಿಲ್ಲ. ಇದು ಹೇಗೆ?

ಸಣ್ಣ ಉದ್ಯಮಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆದ್ದರಿಂದ ಪೂರ್ತಿ ಲೆಕ್ಕ ಹಾಕೋಣ.

ನಮ್ಮ ಘಟಕ ಆಷಾಢದ ತಿಂಗಳಲ್ಲಿ ನಾಲ್ಕೂವರೆ ಲಕ್ಷದ ಮಾಲು ಮಾರಿತು. ಹಬ್ಬದ ತಿಂಗಳಲ್ಲಿ 9 ಲಕ್ಷದ್ದು. ಪ್ರತಿ ತಿಂಗಳೂ ಮಾರಾಟದ ಮೂರನೇ ಒಂದು ಭಾಗ ನಗದು, ಉಳಿದದ್ದು ಉದ್ರಿ, ಮುಂದಿನ ತಿಂಗಳು ಬರುತ್ತದೆ. ಹಾಗಾಗಿ ಹಬ್ಬದ ತಿಂಗಳಲ್ಲಿ ಕೈಗೆ ಬಂದದ್ದು ಆ ತಿಂಗಳ ನಗದು 3 ಲಕ್ಷ, ಆಷಾಢದ ಬಾಕಿ 3 ಲಕ್ಷ, ಒಟ್ಟು 6 ಲಕ್ಷ.

ಹೋದದ್ದು ಎಷ್ಟು? ಹಿಟ್ಟು, ಎಣ್ಣೆ, ಪ್ಯಾಕಿಂಗ್ ಸಾಮಾನು 5,40,000. ಸಂಬಳ, ಓವರ್‌ಟೈಮ್ 1,40,000. ಗ್ಯಾಸ್, ಕರೆಂಟ್ 60,000. ಬಾಡಿಗೆ 30,000. ಸಾಲದ ಕಂತು 25,000. ಮಾಲೀಕರ ಸಂಬಳ 40,000. ಒಟ್ಟು 8,35,000.

9 ಲಕ್ಷದ ಮಾರಾಟದಲ್ಲಿ ಇಷ್ಟನ್ನೂ ಕಳೆದರೆ 65,000 ರೂಪಾಯಿ ಉಳಿತಾಯ. ಕೈಯಲ್ಲಿ ಮಾತ್ರ 2,35,000 ರೂಪಾಯಿ ಕೊರತೆ. ಈ ಎರಡರ ನಡುವಿನ 3 ಲಕ್ಷ ಎಲ್ಲೂ ಕಳೆದುಹೋಗಿಲ್ಲ. ಆಷಾಢಕ್ಕಿಂತ ಜಾಸ್ತಿ ಕೊಟ್ಟ ಉದ್ರಿಯ ರೂಪದಲ್ಲಿ ಅಂಗಡಿಗಳವರ ಹತ್ತಿರ ಕೂತಿದೆ. ವ್ಯಾಪಾರ ಏರಿದ ತಿಂಗಳಲ್ಲೇ ದುಡ್ಡು ಬಿಗಿಯಾಗುವುದು ಇದಕ್ಕೇ.

ಈಗ ಬಡ್ಡಿಗೆ ಬನ್ನಿ. ಈ ಕೊರತೆ ಹಬ್ಬದ ಹಿಂದಿನ ವಾರ ಗೊತ್ತಾದರೆ ಕೈಸಾಲವೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಒಂದೂವರೆ ತಿಂಗಳಿಗೆ 10,575 ರೂಪಾಯಿ ಹೋಗುತ್ತದೆ. ಎರಡು ತಿಂಗಳ ಮುಂಚೆ ಗೊತ್ತಿದ್ದು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ದುಡ್ಡು ತೆಗೆಯುವ ಅನುಕೂಲ) ಮಾಡಿಸಿಕೊಂಡಿದ್ದರೆ, ವರ್ಷಕ್ಕೆ ಶೇ 11ರ ದರದಲ್ಲಿ ಅದೇ 45 ದಿನಕ್ಕೆ ಸುಮಾರು 3,200. ಒಂದು ಹಾಳೆ ಮೊದಲೇ ಬರೆದಿದ್ದಕ್ಕೆ ಒಂದೇ ಹಬ್ಬದಲ್ಲಿ ಏಳು ಸಾವಿರ ಚಿಲ್ಲರೆ ಉಳಿಯಿತು. ಬಜೆಟ್ ಹಿಡಿತ ಲಾಭಕ್ಕೆ ಸೇರುವುದು ಹೀಗೆ.

ಲಾಭದ ಬಜೆಟ್ ಒಂದು, ನಗದಿನ ಬಜೆಟ್ ಇನ್ನೊಂದು. ಎರಡರಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ನಗದಿನದ್ದನ್ನು ಮಾಡಿ, ಅದೂ ವಾರಕ್ಕೊಂದು ಸಾಲಿನಂತೆ.

ಖರ್ಚು ಬಜೆಟ್ ಮೀರಿತು. ಕಾರಣ ಹುಡುಕುವುದು ಹೇಗೆ?

ಎರಡು ಭಾಗ ಮಾಡಿ: ಬೆಲೆ ಏರಿದ್ದರಿಂದ ಎಷ್ಟು, ಬಳಕೆ ಹೆಚ್ಚಿದ್ದರಿಂದ ಎಷ್ಟು. ಎಣ್ಣೆಯನ್ನೇ ತೆಗೆದುಕೊಳ್ಳೋಣ.

ಬಜೆಟ್‌ನಲ್ಲಿ 3,000 ಕೆ.ಜಿ. ತಿಂಡಿಗೆ 15 ಕೆ.ಜಿ.ಯ 60 ಟಿನ್, ಟಿನ್‌ಗೆ 1,650 ರೂಪಾಯಿಯಂತೆ 99,000 ಬರೆದಿದ್ದೆವು. ತಿಂಗಳ ಕೊನೆಗೆ ನೋಡಿದರೆ 68 ಟಿನ್ ಖಾಲಿ, ಟಿನ್‌ಗೆ 2,025 ಕೊಟ್ಟಿದ್ದೇವೆ, ಒಟ್ಟು 1,37,700. ಮೀರಿದ್ದು 38,700. ಟಿನ್ ಮೇಲೆ ಏರಿದ 375 ರೂಪಾಯಿಯನ್ನು 68ರಿಂದ ಗುಣಿಸಿದರೆ 25,500. ಇದು ಬೆಲೆಯದ್ದು. ಹೆಚ್ಚಿಗೆ ಸುರಿದ 8 ಟಿನ್‌ಗೆ ಹಳೆಯ ಬೆಲೆ 1,650ರಂತೆ 13,200. ಇದು ಬಳಕೆಯದ್ದು.

ಬೆಲೆಯದ್ದು ನಮ್ಮ ಕೈಲಿಲ್ಲ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಗಣೇಶನ ಹಬ್ಬ ಮುಗಿದು ದಸರಾಕ್ಕೆ ಸಿದ್ಧವಾಗುತ್ತಿದ್ದ ಹೊತ್ತಿಗೆ ಎಣ್ಣೆ ಬೆಲೆ ಜಿಗಿಯಿತು. 2025ರ ಮೇ ಕೊನೆಯಲ್ಲಿ ಆ ಸುಂಕ ಶೇ 10ಕ್ಕೆ ಇಳಿಯಿತು. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿದಾಗಲೂ ಹೀಗೇ ಆಗಿತ್ತು. ಇಂಥ ವ್ಯತ್ಯಾಸಕ್ಕೆ ಉತ್ತರ ಅಡುಗೆಮನೆಯಲ್ಲಿ ಸಿಗುವುದಿಲ್ಲ. ಮಾರುವ ಬೆಲೆ, ಪ್ಯಾಕೆಟ್ ತೂಕ, ಹಬ್ಬಕ್ಕೆ ಮುಂಚೆ ಎಷ್ಟು ಟಿನ್ ತರಿಸಿಡಬೇಕು ಎಂಬುದರಲ್ಲಿ ಸಿಗುತ್ತದೆ.

ಬಳಕೆಯ 13,200 ಮಾತ್ರ ನಮ್ಮ ಮನೆಯೊಳಗಿನದು. ಎಣ್ಣೆ ಸರಿಯಾಗಿ ಕಾಯುವ ಮೊದಲೇ ಬಿಟ್ಟರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಹಿಟ್ಟು ತೆಳುವಾಗಿ ಕಲಸಿದರೂ ಹಾಗೇ. ಹುರಿಗಡಲೆ, ಅಕ್ಕಿ ಹಿಟ್ಟಿನ ಹದ ಬದಲಾಗಿರಬಹುದು. ಬರ್ನರ್ ಕಟ್ಟಿಕೊಂಡು ಉರಿ ಸಾಲದೇ ಇರಬಹುದು. ಟಿನ್‌ನ ತೂಕವೇ ಕಡಿಮೆ ಇರಬಹುದು, ಒಂದೆರಡನ್ನು ತೂಗಿ ನೋಡಿ. ಬಾಣಲೆ ಹತ್ತಿರ ನಿಲ್ಲುವ ಮಾಸ್ಟರನ್ನು ಕೇಳಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಎಣ್ಣೆ ಉಳಿಸಬೇಕು ಎಂದು ಅದನ್ನೇ ಮತ್ತೆ ಮತ್ತೆ ಕಾಯಿಸುವುದು ಬೇಡ. ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಅಂಶ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರ ಜುಲೈ 1ರಿಂದ ಇದೆ. ಬಜೆಟ್ ನೆಪದಲ್ಲಿ ತಿನ್ನುವವರ ಹೊಟ್ಟೆ ಕೆಡಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮಾರಾಟ ಜಾಸ್ತಿ ಆಯಿತು, ಹಾಗಾಗಿ ಖರ್ಚೂ ಜಾಸ್ತಿ ಆಯಿತು. ಅದು ತಪ್ಪಾ?

ಅಲ್ಲ. 3,000 ಕೆ.ಜಿ. ಬದಲು 3,600 ಕೆ.ಜಿ. ಮಾಡಿದರೆ 60 ಟಿನ್ ಎಣ್ಣೆಗೆ ಹೋಲಿಸುವುದೇ ತಪ್ಪು. ಅಷ್ಟು ತಿಂಡಿಗೆ 72 ಟಿನ್ ಬೇಕು. 68ರಲ್ಲಿ ಮುಗಿಸಿದ್ದರೆ ಮಾಸ್ಟರಿಗೆ ಶಹಬ್ಬಾಸ್ ಅನ್ನಬೇಕು. ಮೊದಲು ನಿಜವಾದ ಉತ್ಪಾದನೆಗೆ ತಕ್ಕಂತೆ ಬಜೆಟ್ ತಿದ್ದಿ, ಆಮೇಲೆ ಹೋಲಿಸಿ. ಬಾಡಿಗೆ, ಸಾಲದ ಕಂತು, ಕರೆಂಟ್ ಬಿಲ್ಲಿನ ಫಿಕ್ಸೆಡ್ ಚಾರ್ಜ್ ಇವು ಮಾಲು ಎಷ್ಟು ಮಾಡಿದರೂ ಬದಲಾಗವು. ಅವನ್ನು ಹಾಗೇ ಬಿಡಿ.

ಎಷ್ಟು ವ್ಯತ್ಯಾಸ ಬಂದರೆ ತಲೆಕೆಡಿಸಿಕೊಳ್ಳಬೇಕು?

ಇಂತಿಷ್ಟೇ ಎಂಬ ನಿಯಮ ಇಲ್ಲ. ನಮ್ಮ ಘಟಕದಷ್ಟು ವಹಿವಾಟಿಗೆ ಶೇ 5ಕ್ಕಿಂತ ಹೆಚ್ಚು ಮತ್ತು 5,000 ರೂಪಾಯಿಗಿಂತ ಹೆಚ್ಚು, ಎರಡೂ ಆಗಿದ್ದರೆ ಕಾರಣ ಹುಡುಕಿ. ಚಹಾ ಖರ್ಚು 300 ರೂಪಾಯಿ ಏರಿತು ಎಂದು ಕೆಲಸದವರ ಮೇಲೆ ಕೂಗಾಡಬೇಡಿ. ಆದರೆ ಸಣ್ಣ ಮೊತ್ತವೇ ಆದರೂ ಸತತ ಮೂರು ತಿಂಗಳು ಒಂದೇ ಕಡೆ ಜಾರುತ್ತಿದ್ದರೆ ಗಮನ ಕೊಡಿ. ಖರ್ಚು ಬಜೆಟ್‌ಗಿಂತ ತೀರಾ ಕಡಿಮೆ ಬಂದರೂ ಕೇಳಿ. ಬಿಲ್ ಬರೆಯುವುದು ಬಿಟ್ಟುಹೋಗಿರಬಹುದು, ಇಲ್ಲವೇ ಬರ್ನರ್ ಸರ್ವಿಸ್ ಮಾಡಿಸದೇ ಬಿಟ್ಟಿರಬಹುದು.

ದೊಡ್ಡ ಅಂಗಡಿಯವರು ಶೇ 10 ಕಡಿಮೆ ಮಾಡಿ ಎನ್ನುತ್ತಾರೆ. ಒಪ್ಪಬಹುದಾ?

ಕೆ.ಜಿ.ಗೆ 200 ರೂಪಾಯಿಯಲ್ಲಿ ಹಿಟ್ಟು, ಎಣ್ಣೆ, ಪ್ಯಾಕಿಂಗ್‌ಗೆ 120, ಗ್ಯಾಸ್ ಮತ್ತು ಕರೆಂಟ್‌ಗೆ 12 ಹೋದರೆ ಉಳಿಯುವುದು 68. ಬಾಡಿಗೆ, ಸಂಬಳ, ಕಂತು ಎಲ್ಲ ಈ 68ರಿಂದಲೇ ಆಗಬೇಕು. 180ಕ್ಕೆ ಕೊಟ್ಟರೆ 48 ಉಳಿಯುತ್ತದೆ. ಮೊದಲಿನಷ್ಟೇ ದುಡ್ಡು ಉಳಿಸಲು ಸುಮಾರು ಶೇ 42 ಜಾಸ್ತಿ ಮಾಲು ಮಾಡಬೇಕು. ಅಷ್ಟು ಆರ್ಡರ್ ಕೊಡುತ್ತಾರಾ? ಅಷ್ಟು ಮಾಡಲು ಜನ, ಬಾಣಲೆ ಇದೆಯಾ? ದುಡ್ಡು ಎಷ್ಟು ದಿನಕ್ಕೆ ಬರುತ್ತದೆ? ಶೇ 10 ಎಂದಾಗ ಚಿಕ್ಕದಾಗಿ ಕೇಳಿಸುತ್ತದೆ. ಉಳಿಯುವ ದುಡ್ಡಿನ ಲೆಕ್ಕದಲ್ಲಿ ಅದು ಶೇ 29ರ ಕಡಿತ. ಈ ಅಂಕಿ ಜೇಬಿನಲ್ಲಿಟ್ಟುಕೊಂಡು ಮಾತಿಗೆ ಕೂತವರು ಸುಮ್ನೆ ತಲೆ ಆಡಿಸಿ ಬರುವುದಿಲ್ಲ.

ಉದ್ರಿ ವಸೂಲಿಯೇ ಆಗುವುದಿಲ್ಲ. ಬಜೆಟ್ ಏನು ಮಾಡೀತು?

ಯಾವ ಅಂಗಡಿಯವರು ಎಷ್ಟು ದಿನಕ್ಕೆ ಕೊಡುತ್ತಾರೆ ಎಂಬುದನ್ನು ಬಜೆಟ್ ಬರೆಯುವಾಗ ಹೆಸರು ಸಮೇತ ಬರೆಯಬೇಕಾಗುತ್ತದೆ. ಯಾರ ಹತ್ತಿರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ.

ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಕೊಳ್ಳುವವರು, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ಹಾಕಿತು: ಗಡುವಿನೊಳಗೆ ಕೊಡದ ಮೊತ್ತವನ್ನು ಕೊಳ್ಳುವವರು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬೇಕು. ಇದರ ಲಾಭ ಸಿಗಬೇಕಾದರೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರಲಿ, ಅದರ ಸಂಖ್ಯೆ ಬಿಲ್ಲಿನ ಮೇಲೆ ಅಚ್ಚಾಗಿರಲಿ. ದೂರಿಗೆ ಎಂಎಸ್‌ಎಂಇ ಸಮಾಧಾನ್ ಪೋರ್ಟಲ್ ಇದೆ.

ಇಷ್ಟೆಲ್ಲ ಇದ್ದರೂ, ಗಿರಾಕಿ ಕೈತಪ್ಪುತ್ತಾರೆ ಎಂಬ ಭಯಕ್ಕೆ ಸಣ್ಣವರು ಬಾಯಿ ಬಿಡುವುದಿಲ್ಲ. ಆ ಭಯ ಸುಳ್ಳಲ್ಲ. ಅದಕ್ಕೇ ಜಗಳಕ್ಕೆ ಮೊದಲು ಮಿತಿ ಹಾಕಿ. ಹಿಂದಿನ ಬಿಲ್ ತೀರುವ ತನಕ ಹೊಸ ಮಾಲು ಇಷ್ಟೇ ಎಂದು ಅಂಗಡಿಗೊಂದು ಗಡಿ ಗೊತ್ತುಮಾಡಿ, ಅದನ್ನು ಮಾಲು ಹಾಕುವ ಹುಡುಗನಿಗೂ ತಿಳಿಸಿ.

ಜಿಎಸ್‌ಟಿ, ಬೋನಸ್, ತೆರಿಗೆ ಇವು ಪ್ರತಿ ಸಲ ಹೊಡೆತ ಕೊಡುತ್ತವೆ.

ಇವು ಯಾವುವೂ ಅನಿರೀಕ್ಷಿತವಲ್ಲ. ತಾರೀಖು ಗೊತ್ತಿರುವ ಖರ್ಚುಗಳು. ಸಂಗ್ರಹಿಸಿದ ಜಿಎಸ್‌ಟಿ ನಿಮ್ಮ ದುಡ್ಡಲ್ಲ. ತಿಂಗಳ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 20ಕ್ಕೆ ಗಡುವು. ಅಲ್ಲಿಯವರೆಗೆ ಅದನ್ನು ಬೇರೆ ಖಾತೆಯಲ್ಲಿ ಇಡಿ.

ಬೋನಸ್ ನೋಡಿ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅರ್ಹ ನೌಕರರಿಗೆ ಕನಿಷ್ಠ ಶೇ 8.33 ಬೋನಸ್ ಕಡ್ಡಾಯ. ಚಿಕ್ಕ ಘಟಕಗಳಲ್ಲೂ ದೀಪಾವಳಿಗೋ ಆಯುಧ ಪೂಜೆಗೋ ಒಂದು ತಿಂಗಳ ಸಂಬಳ ಕೊಡುವ ರೂಢಿ ಬಹಳ ಕಡೆ ಇದೆ. ತಿಂಗಳ ಸಂಬಳ 1,40,000 ಆದರೆ ಪ್ರತಿ ತಿಂಗಳು ಸುಮಾರು 11,700 ತೆಗೆದಿಟ್ಟರೆ ಹಬ್ಬದ ದಿನ ಸಾಲ ಮಾಡಬೇಕಿಲ್ಲ. ಅಂದಾಜು ಲಾಭದ ಮೇಲೆ (ವಹಿವಾಟಿನ ಇಂತಿಷ್ಟು ಪಾಲು ಲಾಭ ಎಂದು ಹಿಡಿದು) ಆದಾಯ ತೆರಿಗೆ ಕಟ್ಟುವವರಿಗೆ ಮುಂಗಡ ತೆರಿಗೆ ಮಾರ್ಚ್ 15ಕ್ಕೆ ಒಂದೇ ಕಂತು. ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಡುವೆ ನಿಯಮ, ಬೆಲೆ ಬದಲಾದರೆ ಬಜೆಟ್ ಬದಲಿಸಬಹುದಾ?

ಬದಲಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಖಾರ ತಿಂಡಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಹಳೆಯ ಬೆಲೆಪಟ್ಟಿ ಇಟ್ಟುಕೊಂಡು ಬರೆದ ಬಜೆಟ್ ಅವತ್ತೇ ಹಳತಾಯಿತು. ಮೂರು ತಿಂಗಳಿಗೊಮ್ಮೆ ಮುಂದಿನ ತಿಂಗಳುಗಳ ಅಂಕಿ ತಿದ್ದಿ. ಮುಗಿದ ತಿಂಗಳ ಅಂಕಿಯನ್ನು ಮಾತ್ರ ಮುಟ್ಟಬೇಡಿ. ನಡೆದದ್ದಕ್ಕೆ ತಕ್ಕಂತೆ ಹಳೆಯ ಬಜೆಟ್ ತಿದ್ದಿದರೆ ಹೋಲಿಸಲು ಏನೂ ಉಳಿಯದು.

ಬ್ಯಾಂಕ್ ಸಾಲಕ್ಕೆ ಇದರಿಂದ ಏನು ಉಪಯೋಗ?

ದುಡಿಯುವ ಬಂಡವಾಳದ (ದಿನದಿನದ ವ್ಯಾಪಾರ ನಡೆಸಲು ಬೇಕಾದ ದುಡ್ಡಿನ) ಸಾಲಕ್ಕೆ ಬ್ಯಾಂಕುಗಳು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿ ಹೇಳಿದ ವಹಿವಾಟು ಆಧಾರಿತ ಲೆಕ್ಕವನ್ನು ಬಳಸುತ್ತವೆ. ಮುಂದಿನ ವರ್ಷ ಆಗಬಹುದಾದ ಮಾರಾಟದ ಶೇ 25 ಬಂಡವಾಳ ಬೇಕು ಎಂದು ಹಿಡಿದು, ಶೇ 5 ನಿಮ್ಮದು, ಶೇ 20 ಬ್ಯಾಂಕಿನದು. ವರ್ಷಕ್ಕೆ 72 ಲಕ್ಷದ ಅಂದಾಜು ಮಾರಾಟಕ್ಕೆ 14,40,000 ರೂಪಾಯಿ ಮಿತಿ ಆಗುತ್ತದೆ. ಆ ಅಂದಾಜನ್ನು ನೀವು ತಿಂಗಳುವಾರು ವಿವರಿಸಬಲ್ಲಿರಾದರೆ ಮ್ಯಾನೇಜರ್ ಜೊತೆ ಮಾತು ಬೇರೆಯೇ ಥರ ಇರುತ್ತದೆ.

ಹೆಚ್ಚು ಸಾಲ ಸಿಗಲಿ ಎಂದು ಅಂದಾಜು ಉಬ್ಬಿಸುವ ಅಭ್ಯಾಸ ಇದೆ. ಬೇಡ. ಉಬ್ಬಿಸಿದ ಮಾರಾಟ ಬರುವುದಿಲ್ಲ, ತೆಗೆದುಕೊಂಡ ಸಾಲದ ಬಡ್ಡಿ ಮಾತ್ರ ತಪ್ಪದೆ ಬರುತ್ತದೆ. 90 ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಬೇರೆ ಬ್ಯಾಂಕಿನ ಬಾಗಿಲೂ ಕಷ್ಟ.

ಕೆಲಸದವರಿಗೆ ಬಜೆಟ್ ತೋರಿಸಬೇಕಾ?

ಅವರ ಕೈಯಲ್ಲಿರುವ ಸಾಲನ್ನು ಅವರಿಗೆ ತೋರಿಸಿ. ಮಾಸ್ಟರಿಗೆ ಎಣ್ಣೆ, ಗ್ಯಾಸ್, ಹಿಟ್ಟು. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕನಿಗೆ ಕವರ್ ಮತ್ತು ಮುರಿದ ಮಾಲು. ಅಂಕಿ ಗೊತ್ತು ಮಾಡುವಾಗಲೇ ಅವರನ್ನು ಕೇಳಿ. "50 ಟಿನ್‌ನಲ್ಲಿ ಮುಗಿಸಿ" ಎಂದು ಮೇಲಿನಿಂದ ಹೇಳಿದರೆ ಅವರು ಹೇಗೋ ಮುಗಿಸುತ್ತಾರೆ, ಕಪ್ಪಾದ ಎಣ್ಣೆಯಲ್ಲಿ. ಅಂಕಿ ಮೀರಿದ ಕೂಡಲೇ ಬೈಗುಳ ಬಿದ್ದರೆ ಮುಂದಿನ ತಿಂಗಳಿಂದ ಸರಿಯಾದ ಅಂಕಿಯೇ ನಿಮಗೆ ಸಿಗುವುದಿಲ್ಲ. ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಅವರಿಗೂ ಕೊಡಿ. ಅದು ನ್ಯಾಯ ಕೂಡ.

ಬಜೆಟ್‌ನಿಂದ ನಷ್ಟ ಆಗುವುದೂ ಉಂಟಾ?

ಉಂಟು. "ಬಜೆಟ್‌ನಲ್ಲಿ ಇಲ್ಲ" ಎಂದು ಹಿಟ್ಟಿನ ಗಿರಣಿಯ ಬೆಲ್ಟ್ ಬದಲಿಸದೆ, ಹಬ್ಬದ ಹಿಂದಿನ ದಿನ ಅದು ಹರಿದರೆ ಕಳೆದುಕೊಳ್ಳುವುದು ಬೆಲ್ಟಿನ ಬೆಲೆಯ ಹತ್ತು ಪಟ್ಟು. ಒಟ್ಟು ಖರ್ಚಿನ ಶೇ 3ರಿಂದ 5ರಷ್ಟನ್ನು ಹೆಸರಿಲ್ಲದ ಸಾಲಾಗಿ ಬಿಟ್ಟಿರಿ, ಇಂಥದ್ದಕ್ಕೆ. ಒಳ್ಳೆಯ ಆರ್ಡರ್ ಬಂದಾಗ "ಇದು ಬಜೆಟ್‌ನಲ್ಲಿರಲಿಲ್ಲ" ಎಂದು ಬಿಡುವುದೂ ಅಷ್ಟೇ ತಪ್ಪು. ಆ ಆರ್ಡರಿಗೆ ಬೇಕಾದ ದುಡ್ಡು ಯಾವ ವಾರ ಹೋಗಿ ಯಾವ ವಾರ ಬರುತ್ತದೆ ಎಂದು ನಗದಿನ ಹಾಳೆಯಲ್ಲಿ ಹಾಕಿ ನೋಡಿ, ತಾಳುತ್ತದೆ ಎಂದಾದರೆ ಹಿಡಿಯಿರಿ.

ಸಾಫ್ಟ್‌ವೇರ್ ಬೇಕಾ?

ಆರಂಭಕ್ಕೆ ಬೇಡ. ರೂಲ್ ಎಳೆದ ಪುಸ್ತಕ ಅಥವಾ ಎಕ್ಸೆಲ್ ಸಾಕು. ಆಡಿಟರ್ ಕಚೇರಿಯಲ್ಲಿ ನಿಮ್ಮ ಲೆಕ್ಕ ಟ್ಯಾಲಿಯಲ್ಲಿದ್ದರೆ, ಅದರಲ್ಲೇ ಬಜೆಟ್ ಹಾಕಿ ನಿಜವಾದ ಖರ್ಚಿನ ಜೊತೆ ಹೋಲಿಸುವ ಸೌಲಭ್ಯ ಇದೆ. ಮಾಡಿಕೊಡಿ ಎಂದು ಕೇಳಿ.

ಪರಿಣಾಮ ಆಗುತ್ತಿದೆ ಎಂದು ಹೇಗೆ ತಿಳಿಯುವುದು? ಎಷ್ಟು ಕಾಲ ಬೇಕು?

ನಾಲ್ಕು ಅಂಕಿ ನೋಡುತ್ತಿರಿ. ನೂರು ರೂಪಾಯಿ ಮಾರಾಟದಲ್ಲಿ ಸಾಮಾನಿನ ಖರ್ಚು ಕಳೆದು ಉಳಿಯುವುದು ಎಷ್ಟು. ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತಿದೆ: ಬಾಕಿ 4 ಲಕ್ಷ, ತಿಂಗಳ ಮಾರಾಟ 6 ಲಕ್ಷ ಇದ್ದರೆ 20 ದಿನ. ತಿಂಗಳಲ್ಲಿ ಬ್ಯಾಂಕ್ ಖಾತೆಯಲ್ಲಿನ ದುಡ್ಡು ಅತಿ ಕೆಳಗೆ ಇಳಿದದ್ದು ಎಷ್ಟಕ್ಕೆ. ಕೈಸಾಲವೂ ಸೇರಿ ಕಟ್ಟಿದ ಬಡ್ಡಿ ಎಷ್ಟು.

ಮೊದಲ ಎರಡು ತಿಂಗಳು ಬಜೆಟ್ಟೇ ತಪ್ಪಾಗಿರುತ್ತದೆ, ಅದು ಸಹಜ. ಮೂರನೇ ತಿಂಗಳಿಂದ ಅಂದಾಜು ನಿಜಕ್ಕೆ ಹತ್ತಿರ ಬರುತ್ತದೆ. ಬಡ್ಡಿ ಮತ್ತು ಬಾಕಿಯ ದಿನಗಳು ಬೇಗ ಇಳಿಯುತ್ತವೆ. ಉಳಿತಾಯದ ಶೇಕಡಾವಾರು ನಿಧಾನ, ಅದಕ್ಕೆ ಒಂದು ಪೂರ್ತಿ ಹಬ್ಬದ ಸುತ್ತು ಬೇಕು.

ತಿಂಗಳ ಲೆಕ್ಕಕ್ಕೆ ಕೂತಾಗ ಏನು ಮಾಡಬೇಕು?

ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೂರಿ. ತಡವಾದಷ್ಟೂ ಕಾರಣ ಮರೆತುಹೋಗುತ್ತದೆ. ವ್ಯಾಪಾರದಲ್ಲಿ ದುಡಿಯುವ ಮನೆಯವರೂ ಜೊತೆಯಲ್ಲಿರಲಿ, ಮುಖ್ಯವಾಗಿ ಹೆಂಡತಿ. ಎಷ್ಟೋ ಘಟಕಗಳಲ್ಲಿ ಯಾವ ಅಂಗಡಿಯವರು ದುಡ್ಡು ಕೊಡದೆ ಓಡಾಡಿಸುತ್ತಾರೆ ಎಂದು ಆಕೆಗೇ ಸರಿಯಾಗಿ ಗೊತ್ತಿರುತ್ತದೆ. ಅತಿ ದೊಡ್ಡ ಮೂರು ವ್ಯತ್ಯಾಸ ಗುರುತಿಸಿ, ಪ್ರತಿಯೊಂದರ ಎದುರು ಕಾರಣ, ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಯಾವ ದಿನದೊಳಗೆ ಎಂದು ಬರೆಯಿರಿ. ಉದಾಹರಣೆಗೆ: "ಎಣ್ಣೆ 8 ಟಿನ್ ಹೆಚ್ಚು. ಎರಡನೇ ಒಲೆಯ ಬರ್ನರ್ ಕಟ್ಟಿದೆ. ಶನಿವಾರದೊಳಗೆ ಮಾಸ್ಟರ್ ಬದಲಿಸಿ ಹೇಳಬೇಕು." ಮುಂದಿನ ತಿಂಗಳು ಕೂತಾಗ ಮೊದಲು ಈ ಮೂರು ಸಾಲು ಓದಿ, ಆಗಿದೆಯೋ ಇಲ್ಲವೋ ನೋಡಿ, ಆಮೇಲೆ ಹೊಸ ಅಂಕಿ ತೆರೆಯಿರಿ.